ಗಾಳದ ಕೋಲು

ನಮ್ಮ ಕಡೆ ಕೈಯಲ್ಲಿ ಕೋಲು ಹಿಡಿದು ನಡೆಯುವವನನ್ನು ಯಾರೂ ವಿವರಣೆ ಕೇಳುವುದಿಲ್ಲ. ಕುರಿ ಕಾಯುವವನ ಹೆಗಲ ಮೇಲೆ ಕೋಲು ಇರಬೇಕಾದ್ದೇ. ಮುದುಕನಿಗೆ ಅದು ಮೂರನೆಯ ಕಾಲು. ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವ ರೈತ ಹಾವು ಹುಪ್ಪಡಿಗೆಂದು ಒಂದನ್ನು ಹಿಡಿದಿರುತ್ತಾನೆ. ಹಿಂದಿನ ಕಾಲದ ಮಾಸ್ತರರಿಗಂತೂ ಅದು ವ್ಯಾಕರಣದ ಒಂದು ಅಂಗವೇ ಆಗಿತ್ತು. ಆದರೆ ಅದೇ ಕೋಲಿನ ತುದಿಗೆ ಎರಡು ಮಾರು ದಾರ ಕಟ್ಟಿಕೊಂಡು ಹೊರಟು ನೋಡಿ! ಹುಲಸೂರಿನ ಬಸ್ ನಿಲ್ದಾಣದಿಂದ ಊರ ಹೊರಗಿನ ಹೊಲದ ದಾರಿ ಸೇರುವಷ್ಟರಲ್ಲಿ ಕಡಿಮೆಯೆಂದರೆ ನಾಲ್ಕು ಜನ ನಿಲ್ಲಿಸಿ ಮಾತನಾಡಿಸುತ್ತಾರೆ. ಕೋಲಿಗಿಲ್ಲದ ಕುತೂಹಲ ದಾರಕ್ಕೆ ಬರುತ್ತದೆ.

ಅವರು ಕೇಳುವ ಪ್ರಶ್ನೆಗಳು ಎರಡೇ. ಒಂದು, "ಯಾವ ಮೀನಿಗೆ?" ಇನ್ನೊಂದು, "ಹಿಡಿದು ಏನು ಮಾಡುತ್ತೀರಿ?" ಮೊದಲನೆಯದನ್ನು ಅಂಗಡಿಯವನೂ ಕೇಳುತ್ತಾನೆ. ಕೇಳದಿದ್ದರೆ ಅವನು ಒಳ್ಳೆಯ ಅಂಗಡಿಯವನಲ್ಲ. ಎರಡನೆಯದನ್ನು ಅವನು ಕೇಳುವುದಿಲ್ಲ. ಹಣ ಎಣಿಸಿಕೊಂಡವನಿಗೆ ಅದರ ಗೊಡವೆ ಬೇಡ. ಆದರೆ ದೊಡ್ಡ ಮೀಸೆಮೀನಿಗೆಂದು ಕೋಲನ್ನು ಆರಿಸುವಾಗ ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳಿಕೊಳ್ಳದೆ ಮೊದಲನೆಯದಕ್ಕೂ ಸರಿಯಾದ ಉತ್ತರ ದೊರೆಯುವುದಿಲ್ಲವೆಂಬುದು ನನ್ನ ಅನುಭವ. ನಮ್ಮ ಮನೆಯಲ್ಲಿ ಮೀನು ಬೇಯಿಸುವ ಪದ್ಧತಿಯಿಲ್ಲ. ಆದ್ದರಿಂದ ಆ ಪ್ರಶ್ನೆ ನನ್ನನ್ನು ಉಳಿದವರಿಗಿಂತ ಸ್ವಲ್ಪ ಹೆಚ್ಚಾಗಿಯೇ ಚುಚ್ಚುತ್ತದೆ.

ಮೊದಲು ಮೀನಿನ ವಿಚಾರ. ಹುಲಸೂರಿನಿಂದ ಉತ್ತರಕ್ಕೆ ಹೋದರೆ ಮಾಂಜ್ರಾ ನದಿ ಸಿಗುತ್ತದೆ. ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟಿ, ಲಾತೂರ ಸೀಮೆಯನ್ನು ಹಾದು, ನಮ್ಮ ಬೀದರ ಜಿಲ್ಲೆಗೆ ಬಂದು, ಮುಂದೆ ತೆಲಂಗಾಣಕ್ಕೆ ಇಳಿದು ಗೋದಾವರಿಯನ್ನು ಸೇರುವ ನದಿ ಇದು. ಮಳೆಗಾಲದಲ್ಲಿ ಕೆಂಪಾಗಿ ಉಬ್ಬಿ, ಬೇಸಗೆಯಲ್ಲಿ ಅಲ್ಲೊಂದು ಇಲ್ಲೊಂದು ಮಡುವಾಗಿ ಉಳಿಯುವುದು ಇದರ ಸ್ವಭಾವ. ಇಂಥ ಮಡುಗಳ ಅರಸನೆಂದರೆ ಬಾಳೆಮೀನು. ಕನ್ನಡದ ಬಾಳೆ, ತಮಿಳಿನ ವಾಳೈ ಒಂದೇ ಮಾತು. ವಿಜ್ಞಾನಿಗಳು ಇದನ್ನು ವಲ್ಲಾಗೊ ಅಟ್ಟು ಎನ್ನುತ್ತಾರೆ. ಹಿಂದಿನ ಇಂಗ್ಲಿಷರು ಸಿಹಿನೀರಿನ ಶಾರ್ಕ್ ಎಂದು ಕರೆದರು. ಮೈಮೇಲೆ ಒಂದು ಹುರುಪೆಯೂ ಇಲ್ಲ; ಚಪ್ಪಟೆಯಾದ, ಬೆಳ್ಳಿಯ ಬಣ್ಣದ ಉದ್ದನೆಯ ದೇಹ; ಎರಡು ಜೊತೆ ಮೀಸೆ, ಅದರಲ್ಲಿ ಒಂದು ಜೊತೆ ಬಲು ಉದ್ದ. ಬೆನ್ನಿನ ಮೇಲಿನ ಈಜುರೆಕ್ಕೆ ಮರೆತು ಅಂಟಿಸಿದಂತೆ ಚಿಕ್ಕದು. ಹೊಟ್ಟೆಯ ಕೆಳಗಿನದು ಬಾಲದವರೆಗೂ ಹರಿದ ಸೀರೆಯಂಚಿನಂತೆ ಉದ್ದ. ಬಾಯಿಯ ಸೀಳು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ. ಆ ಬಾಯಿಯ ತುಂಬ ಸೂಜಿಮೊನೆಯಂಥ ಸಣ್ಣ ಹಲ್ಲುಗಳು. ಸಂಸ್ಕೃತದಲ್ಲಿ ಪಾಠೀನವೆಂದು ಹೆಸರು ಪಡೆದಿರುವ ಮೀನಿಗೆ ಅಮರಕೋಶ ಸಹಸ್ರದಂಷ್ಟ್ರವೆಂಬ ಇನ್ನೊಂದು ಹೆಸರನ್ನು ಕೊಡುತ್ತದೆ. ಸಾವಿರ ಹಲ್ಲಿನವನು! ಬಾಳೆಮೀನಿನ ಬಾಯಲ್ಲಿ ಒಮ್ಮೆ ಬೆರಳಿಟ್ಟವನಿಗೆ ಈ ಹೆಸರಿನ ವ್ಯುತ್ಪತ್ತಿಯನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾದ್ದಿಲ್ಲ.

ಇದು ಎರಡು ಮೀಟರಿಗೂ ಹೆಚ್ಚು ಉದ್ದ, 45 ಕಿಲೋ ತೂಕ ಬೆಳೆದ ದಾಖಲೆಗಳು ಗ್ರಂಥಗಳಲ್ಲಿವೆ. ನಮ್ಮ ನೀರಿನಲ್ಲಿ ಗಾಳಕ್ಕೆ ಬೀಳುವವು ಅದರ ಮೊಮ್ಮಕ್ಕಳು; ಎಂಟು ಹತ್ತು ಕಿಲೋ ತೂಗಿದರೆ ಊರಿಗೆಲ್ಲ ಸುದ್ದಿ. ಹಗಲೆಲ್ಲ ಮಡುವಿನ ತಳದಲ್ಲಿ ಸೋಮಾರಿಯಂತೆ ಬಿದ್ದುಕೊಂಡು, ಕತ್ತಲಾದ ಮೇಲೆ ಬೇಟೆಗೆ ಏಳುವ ಪ್ರಾಣಿ. ಗಾಳ ಕಚ್ಚಿದ ಕೂಡಲೇ ಇದು ಆಡುವ ಆಟ ಒಂದೇ. ಇದ್ದ ಬಲವನ್ನೆಲ್ಲ ಕೂಡಿಸಿ, ಒಂದೇ ಓಟದಲ್ಲಿ ತನ್ನ ಪೊಟರೆಗೋ ಮುಳುಗಿದ ಜಾಲಿಯ ಬೊಡ್ಡೆಗೋ ನುಗ್ಗುವುದು. ಆ ಮೊದಲ ಓಟವನ್ನು ತಡೆದರೆ ಅರ್ಧ ಗೆದ್ದಂತೆ. ತಡೆಯದಿದ್ದರೆ ದಾರ ಕಲ್ಲಿಗೆ, ಮೀನು ಮಡುವಿಗೆ. ದೊಡ್ಡ ಮೀಸೆಮೀನಿಗೆ ಬೇಕಾದ ಕೋಲು ಏಕೆ ಬೇರೆಯಾಗಿರಬೇಕೆಂಬುದಕ್ಕೆ ಇದೇ ಕಾರಣ. ರೋಹು, ಕಾಟ್ಲಾ ಮೊದಲಾದ ಗಂಡೆಯ ಜಾತಿಯವು ಬಯಲಿನಲ್ಲಿ ಓಡುತ್ತವೆ. ಅವಕ್ಕೆ ದಾರ ಬಿಟ್ಟು ಬಿಟ್ಟು ದಣಿಸಬಹುದು. ಬಾಳೆಗೆ ಹತ್ತು ಗಜ ಬಿಟ್ಟರೆ ಅದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ.

ಇನ್ನು ಎರಡನೆಯ ಪ್ರಶ್ನೆ. ಹಿಡಿದು ಏನು ಮಾಡುವುದು? ಇದಕ್ಕೆ ನಮ್ಮ ಪ್ರದೇಶದಲ್ಲಿ ಎಂಟುನೂರು ತೊಂಬತ್ತು ವರ್ಷಗಳ ಹಿಂದೆಯೇ ಒಂದು ಉತ್ತರ ಬರೆದಿಟ್ಟದ್ದಿದೆ. ಹುಲಸೂರು ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಾಗುವ ತನಕ ಬಸವಕಲ್ಯಾಣ ತಾಲ್ಲೂಕಿಗೆ ಸೇರಿತ್ತು. ಆ ಕಲ್ಯಾಣದಲ್ಲಿ ಚಾಲುಕ್ಯ ಸಿಂಹಾಸನವನ್ನೇರಿದ ಮೂರನೆಯ ಸೋಮೇಶ್ವರ, ಭೂಲೋಕಮಲ್ಲನೆಂಬ ಬಿರುದಿನವನು, 1130ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸವೆಂಬ ಗ್ರಂಥವನ್ನು ರಚಿಸಿದ. ಅಭಿಲಷಿತಾರ್ಥಚಿಂತಾಮಣಿ ಎಂಬುದೂ ಅದರ ಹೆಸರೇ. ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ರಾಜನು ರಾಜ್ಯವನ್ನು ಪಡೆಯುವ ಬಗೆಯಿಂದ ಹಿಡಿದು ಆನೆ, ರತ್ನ, ಅಡಿಗೆ, ಸಂಗೀತ, ಚಿತ್ರಕಲೆಗಳವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಆ ನೂರರಲ್ಲಿ ಒಂದು ಮತ್ಸ್ಯವಿನೋದ, ಅಂದರೆ ಗಾಳ ಹಾಕುವ ಆಟ.

ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗದ ಮೇಲೆ ಲೇಖನ ಬರೆದು ಇದನ್ನು ವಿಜ್ಞಾನ ಪ್ರಪಂಚದ ಕಣ್ಣಿಗೆ ತಂದರು. ಅರಸ ಬರಿಯ ಮೇಲುಮಾತು ಆಡಿದವನಲ್ಲ. ಸಮುದ್ರದ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಬರಿಯ ಚರ್ಮದ್ದು ಎಂದು ವಿಂಗಡಿಸಿ ಮೂವತ್ತೈದು ಬಗೆಗಳನ್ನು ಹೇಳುತ್ತಾನೆ. ಯಾವುದಕ್ಕೆ ಯಾವ ಆಹಾರ ಹಾಕಿ ಒಂದೇ ಜಾಗಕ್ಕೆ ರೂಢಿಮಾಡಿಸಬೇಕು, ದಾರ ಎಂಥದು, ಕೋಲು ಎಂಥದು, ಗಾಳ ಎಂಥದು ಎಂದು ಕ್ರಮವಾಗಿ ತಿಳಿಸುತ್ತಾನೆ. ಮುತ್ತು ರತ್ನಗಳ ಪರೀಕ್ಷೆಯನ್ನು ಬರೆದ ಕೈಯೇ ಗಾಳದ ಕೋಲಿನ ಪರೀಕ್ಷೆಯನ್ನೂ ಬರೆಯಿತಲ್ಲ ಎಂದು ನನಗೆ ಹೆಮ್ಮೆ. ಹೈದರಾಬಾದಿನ ಅಂಗಡಿಯಲ್ಲಿ ಅಮೆರಿಕದ ಪಟ್ಟಿ ಹಿಡಿದು ಪಾಠ ಹೇಳಲು ಬಂದವನಿಗೆ, ಇದು ನಮ್ಮೂರ ವಿದ್ಯೆಯಪ್ಪಾ ಎನ್ನಬೇಕೆಂದು ನಾಲಗೆ ತುರಿಸುತ್ತದೆ.

ಆದರೆ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮೀನನ್ನು ತಿನ್ನುವ ವಿಚಾರವನ್ನು ಅರಸ ಉಪಭೋಗಗಳ ವಿಂಶತಿಯಲ್ಲಿ, ಅನ್ನಭೋಗದ ಕೆಳಗೆ ಇಟ್ಟಿದ್ದಾನೆ. ಹಿಡಿಯುವ ವಿಚಾರವನ್ನು ಇಟ್ಟಿರುವುದು ಮುಂದಿನ ವಿಂಶತಿಯಲ್ಲಿ, ವಿನೋದಗಳ ಸಾಲಿನಲ್ಲಿ. ಮಲ್ಲಯುದ್ಧ, ಕೋಳಿಕಾಳಗಗಳು ಅದರ ನೆರೆಹೊರೆ. ಹಸಿವಿಗೂ ಗಾಳಕ್ಕೂ ಅರಸನ ಲೆಕ್ಕದಲ್ಲಿ ಸಂಬಂಧ ಕಡಿದುಹೋಗಿದೆ. ಹಿಡಿದು ಏನು ಮಾಡುತ್ತೀರಿ ಎಂದರೆ, ಸಂತೋಷಪಡುತ್ತೇನೆ ಎಂಬುದೇ ಅವನ ಉತ್ತರ.

ಅದೇ ಊರಿನಲ್ಲಿ, ಆ ಅರಸ ತೀರಿಕೊಂಡು ಮೂವತ್ತು ವರ್ಷ ಕಳೆಯುವುದರೊಳಗೆ, ಇನ್ನೊಂದು ಮಾತು ಹುಟ್ಟಿತು. ಅದು ಕಾಯಕ. ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ದೋಣಿ ನಡೆಸುವವನಿದ್ದ, ಚಮ್ಮಾರನಿದ್ದ, ಮಡಿವಾಳನಿದ್ದ. ಬಿದಿರು ಸೀಳಿ ಬುಟ್ಟಿ ಮೊರ ಹೆಣೆಯುವ ಮೇದಾರ ಕೇತಯ್ಯನಿದ್ದ. ಅವರು ಪ್ರಾಣಿಹಿಂಸೆಯನ್ನು ಒಪ್ಪಿದವರಲ್ಲ. ವಿನೋದಕ್ಕಾಗಿ ಹಿಂಸೆಯನ್ನಂತೂ ಕೇಳುವುದೇ ಬೇಡ. ಅರಸನ ಕೈಯಲ್ಲಿಯೂ ಬಿದಿರು, ಕೇತಯ್ಯನ ಕೈಯಲ್ಲಿಯೂ ಬಿದಿರು. ಒಂದೇ ಹುಲ್ಲಿನ ಜಾತಿಯ ಗಿಡ, ಒಂದೇ ಊರು, ಒಂದೇ ಶತಮಾನ. ಆದರೆ ಎರಡರ ನಡುವೆ ಎಷ್ಟು ದೂರ! ಬಸವಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಯ ಮೇಲೆ ಸಂಜೆಯ ಹೊತ್ತು ನಿಂತಾಗಲೆಲ್ಲ ಈ ಇಬ್ಬರೂ ನನ್ನ ಅಕ್ಕಪಕ್ಕದಲ್ಲಿ ನಿಂತಂತಾಗುತ್ತದೆ. ಒಬ್ಬ ಕೋಲು ಎಲ್ಲಿಯದೆಂದು ಕೇಳುತ್ತಾನೆ. ಇನ್ನೊಬ್ಬ ಏತಕ್ಕೆಂದು ಕೇಳುತ್ತಾನೆ.

ಮೀನು ಹಿಡಿದು ಮಾರಿ ಬದುಕುವವನಿಗೆ ಕೇತಯ್ಯನ ಎದುರು ಹೇಳಲು ಕೊನೆಯ ಪಕ್ಷ ಒಂದು ಮಾತಿದೆ. ಅವನದು ಹೊಟ್ಟೆಯ ಪಾಡು. ಹಿಡಿದು ಮತ್ತೆ ನೀರಿಗೆ ಬಿಡುವ ನನ್ನಂಥವನಿಗೆ ಅದೂ ಇಲ್ಲ. ಬಿಟ್ಟುಬಿಡುತ್ತೇನಲ್ಲ ಎಂದು ಹೇಳಿಕೊಳ್ಳುವುದು ಸುಲಭ. ಆದರೆ ಬಿಟ್ಟ ಮೀನು ಬದುಕುತ್ತದೆಯೆ? ಈ ಪ್ರಶ್ನೆಯ ಅರ್ಧ ಉತ್ತರ ಕೋಲಿನಲ್ಲಿದೆ. ಇಲ್ಲಿಗೆ ಬಂದ ಮೇಲೆ ಅಂಗಡಿಗೆ ಹೋಗಲು ಅಡ್ಡಿಯಿಲ್ಲ.

ಅಂಗಡಿಯಲ್ಲಿ ಇಂದು ಕಾಣುವ ಕೋಲುಗಳ ಹಿಂದೆ ಸಣ್ಣದೊಂದು ಚರಿತ್ರೆಯಿದೆ. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷರು ಹಿಂದೂಸ್ಥಾನದ ನದಿಗಳಲ್ಲಿ ಗಾಳ ಹಾಕುವ ವಿಚಾರವಾಗಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದರು. 1873ರಲ್ಲಿ ಅದು ಮೊದಲು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅಂದಿನ ಕೋಲೆಲ್ಲ ಮರ, ಬಿದಿರು. ಆಮೇಲೆ ದಕ್ಷಿಣ ಚೀಣದ ಟಾಂಕಿನ್ ಬಿದಿರನ್ನು ಸೀಳಿ, ಆರು ತ್ರಿಕೋನದ ಎಸಳುಗಳನ್ನು ಅಂಟಿಸಿ, ಷಟ್ಕೋನದ ಕೋಲು ಮಾಡುವ ಕುಶಲತೆ ಬೆಳೆಯಿತು. ಎರಡನೆಯ ಮಹಾಯುದ್ಧದ ತರುವಾಯ ಗಾಜಿನ ನೂಲಿನ ಕೋಲು ಬಂತು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ವಿಮಾನಗಳಿಗೆಂದು ಬಲವಾದ ಕಾರ್ಬನ್ ನೂಲನ್ನು ಸಿದ್ಧಪಡಿಸಿದರು. ಮುಂದಿನ ದಶಕದಲ್ಲಿ ಅದೂ ಗಾಳದ ಕೋಲಾಯಿತು. ಆಕಾಶಕ್ಕೆಂದು ಹುಟ್ಟಿದ್ದು ಹೊಳೆಗೆ ಇಳಿದ ಉದಾಹರಣೆ ಇದು.

ಅಂಗಡಿಯವನು ಮೊದಲು ಕೈಗೆ ಕೊಡುವುದು ಕಾರ್ಬನ್ನಿನ ಕೋಲನ್ನೇ. ಗರಿಯಂತೆ ಹಗುರ, ತುದಿಯನ್ನು ನೊಣ ಮುಟ್ಟಿದರೂ ಅಂಗೈಗೆ ಸುದ್ದಿ ಬರುತ್ತದೆ. ಮಹಾಶೀರ್ ಮೊದಲಾದ ಮೀನುಗಳಿಗೆ ಹೊಳೆಹೊಳೆ ಅಲೆಯುತ್ತ ದಿನವಿಡೀ ಎಸೆಯುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಮೀಸೆಮೀನಿನವನು ಎಸೆಯುವುದು ಗಂಟೆಗೊಮ್ಮೆ, ಕೂತಿರುವುದೇ ಹೆಚ್ಚು. ಅವನಿಗೆ ಹಗುರತನದ ಲಾಭ ಅಷ್ಟಿಲ್ಲ. ಕಾರ್ಬನ್ನಿಗೆ ದೊಡ್ಡ ಮನುಷ್ಯರ ಒಂದು ದೌರ್ಬಲ್ಯವೂ ಉಂಟು. ಬಹಳ ಹೊತ್ತು ಬಾಗದೆ ನಿಂತು ಆಮೇಲೆ ಒಮ್ಮೆಗೇ ಮುರಿಯುವುದು. ಬಂಡೆಗೆ ತಾಗಿ ಒಂದು ಗೀರು ಬಿದ್ದಿದ್ದರೆ, ಇಲ್ಲವೆ ಮೀನು ದಡಕ್ಕೆ ಬಂದಾಗ ಕೋಲನ್ನು ನೆಟ್ಟಗೆ ಆಕಾಶಕ್ಕೆ ಎತ್ತಿ ತುದಿಯೊಂದರ ಮೇಲೆಯೇ ಭಾರ ಹಾಕಿದರೆ, ಪಟ್ಟೆಂದು ಎರಡು ತುಂಡು. ಗಾಜಿನ ಕೋಲು ಭಾರ, ಸ್ವಲ್ಪ ಮಂದ, ಆದರೆ ಕ್ಷಮಾಗುಣವುಳ್ಳದ್ದು. ಎರಡನ್ನೂ ಬೆರೆಸಿ ಮಾಡಿದ ಕೋಲುಗಳೂ ದೊರೆಯುತ್ತವೆ. ದೊಡ್ಡ ಬಾಳೆಗೆ ನಾನು ಒಪ್ಪುವುದು ಗಾಜಿನದನ್ನು ಇಲ್ಲವೆ ಬೆರಕೆಯದನ್ನು.

ಕಾರ್ಬನ್ನಿನ ಇನ್ನೊಂದು ಗುಣವನ್ನು ಅಂಗಡಿಯವರು ಹೇಳುವುದು ಅಪರೂಪ. ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಮಾಂಜ್ರಾದ ದಡವೆಂದರೆ ಕಬ್ಬಿನ ಹೊಲಗಳು, ಪಂಪುಸೆಟ್ಟುಗಳು, ಅವಕ್ಕೆ ಜೋತುಬಿದ್ದ ತಂತಿಗಳು. ಒಂಬತ್ತು ಅಡಿಯ ಕೋಲನ್ನು ಹೆಗಲಮೇಲೆ ನಿಲ್ಲಿಸಿಕೊಂಡು ಅವುಗಳ ಕೆಳಗೆ ನಡೆಯುವವನು ತನ್ನ ಜಾತಕದ ಮೇಲೆ ಹೆಚ್ಚಿನ ಭಾರ ಹಾಕಿದಂತೆ. ಒದ್ದೆಯಾದರೆ ಯಾವ ಕೋಲನ್ನೂ ನಂಬುವಂತಿಲ್ಲ. ತಂತಿಯ ಕೆಳಗೆ ಕೋಲನ್ನು ಬಿಚ್ಚಿ ಅಡ್ಡಲಾಗಿ ಹಿಡಿಯಬೇಕು. ಗುಡುಗು ಕೇಳಿಸಿದರೆ ನೆಲದ ಮೇಲಿಟ್ಟು ದೂರ ಹೋಗಬೇಕು.

ಉದ್ದದ ವಿಚಾರದಲ್ಲಿ ಸಣ್ಣದೊಂದು ಲೆಕ್ಕವಿದೆ. ಕೋಲಿನ ಬುಡವನ್ನು ಸೊಂಟಕ್ಕೆ ಊರಿ ಎರಡಡಿ ಮುಂದೆ ಎಡಗೈ ಹಿಡಿದಿದ್ದೀರೆಂದು ತಿಳಿಯಿರಿ. ಕೋಲು ಒಂಬತ್ತು ಅಡಿಯದಾದರೆ, ತುದಿಯನ್ನು ಮೀನು ಎರಡು ಕಿಲೋ ಬಲದಿಂದ ಎಳೆದಾಗ ನಿಮ್ಮ ಎಡಗೈ ಹೊರಬೇಕಾದದ್ದು ಒಂಬತ್ತು ಕಿಲೋ. ಆರು ಅಡಿಯ ಕೋಲಾದರೆ ಆರೇ ಕಿಲೋ. ಸನ್ನೆಯ ಸೂತ್ರ ಇಲ್ಲಿ ಮೀನಿನ ಪಕ್ಷ. ಉದ್ದದ ಕೋಲು ಮನುಷ್ಯನಿಗೆ ಬಲ ಕೊಡುತ್ತದೆಂದು ತಿಳಿಯುವವರು ಬಹಳ. ವಾಸ್ತವವಾಗಿ ಅದು ಬಲ ಕೊಡುವುದು ಎದುರು ಪಕ್ಷದವನಿಗೆ. ಹಾಗೆಂದು ದೋಣಿಯಲ್ಲಿ ಕೂತವನ ಆರಡಿಯ ಕೋಲು ದಡದವನಿಗೆ ಸಾಲದು. ಆಪು, ಜಾಲಿಯ ಮುಳ್ಳುಗಳನ್ನು ದಾಟಿಸಿ ದಾರವನ್ನು ಎತ್ತಿ ಹಿಡಿಯಲು ಉದ್ದ ಬೇಕು. ಎಂಟರಿಂದ ಒಂಬತ್ತು ಅಡಿ ನಮ್ಮ ದಡಕ್ಕೆ ತಕ್ಕ ರಾಜಿ. ಒಳ್ಳೆಯ ಕೋಲು ಈ ಅನ್ಯಾಯವನ್ನು ತಾನೇ ಅರ್ಧ ಸರಿಪಡಿಸುತ್ತದೆ. ಭಾರ ಬಿದ್ದಂತೆಲ್ಲ ತುದಿಯಿಂದ ಬುಡದ ಕಡೆಗೆ ಬಾಗುತ್ತ ಹೋಗುವುದರಿಂದ ಸನ್ನೆಯ ಉದ್ದ ಕಡಿಮೆಯಾಗಿ, ಎಳೆತವನ್ನು ಬುಡದ ದಪ್ಪ ಭಾಗ ವಹಿಸಿಕೊಳ್ಳುತ್ತದೆ.

ಆದ್ದರಿಂದ ಕೋಲನ್ನು ಅಂಗಡಿಯಲ್ಲಿ ಗಾಳಿಗೆ ಬೀಸಿ ನೋಡುವುದರಿಂದ ಪ್ರಯೋಜನವಿಲ್ಲ. ಎಲ್ಲರೂ ಮಾಡುವುದು ಅದನ್ನೇ. ಕತ್ತಿಯ ವರಸೆಯಂತೆ ನೋಡಲು ಚೆಂದ, ತಿಳಿಯುವುದೇನೂ ಇಲ್ಲ. ತುದಿಯ ಉಂಗುರಕ್ಕೆ ದಾರ ಕಟ್ಟಿ, ದಾರದ ಕೊನೆಗೆ ತರಕಾರಿಯವರ ಕೈಯಲ್ಲಿರುವಂಥ ಕೊಕ್ಕೆಯ ತಕ್ಕಡಿಯೊಂದನ್ನು ಸಿಕ್ಕಿಸಿ ಎಳೆಯಬೇಕು. ತುದಿ ಬುಡಕ್ಕೆ ಲಂಬವಾಗಿ ಬಾಗುವಾಗ ತಕ್ಕಡಿ ಎಷ್ಟು ತೋರಿಸುತ್ತದೋ ಅದೇ ಕೋಲಿನ ಶಕ್ತಿ. 1952ರಲ್ಲಿ 44 ಪೌಂಡಿನ ಕಾರ್ಪ್ ಮೀನನ್ನು ಹಿಡಿದು ಹೆಸರಾದ ಇಂಗ್ಲೆಂಡಿನ ರಿಚರ್ಡ್ ವಾಕರ್ ಅವರಿಂದ ಪ್ರಸಿದ್ಧಿಗೆ ಬಂದ ಅಳತೆಯಿದು. ಅದನ್ನು ಐದರಿಂದ ಗುಣಿಸಿದರೆ ಆ ಕೋಲಿಗೆ ಹೊಂದುವ ದಾರದ ಬಲ ಸಿಗುತ್ತದೆಂಬುದು ಹಳಬರ ಸೂತ್ರ. ಮೂರು ಪೌಂಡಿನ ಕೋಲಿಗೆ ಹದಿನೈದು ಪೌಂಡಿನ ದಾರ. ಬೊಡ್ಡೆ ಬಂಡೆಗಳಿರುವ ಮಡುವಿನಲ್ಲಿ ಬಾಳೆಯ ಮೊದಲ ಓಟವನ್ನು ತಡೆಯಬೇಕಾದರೆ ಮೂರಕ್ಕಿಂತ ಕಡಿಮೆಯದು ಆಟಿಕೆ. ನಾಲ್ಕು ಇದ್ದರೆ ಮನಸ್ಸಿಗೆ ನೆಮ್ಮದಿ.

ಈಗಿನ ಹೆಣೆದ ದಾರದಿಂದ ಹೊಸದೊಂದು ತೊಡಕು ಹುಟ್ಟಿದೆ. ಹಳೆಯ ನೈಲಾನು ಎಳೆದರೆ ಹಿಗ್ಗುತ್ತಿತ್ತು. ಹೆಣಿಗೆಯದು ಕೂದಲಿನಷ್ಟು ಸಣ್ಣ, ಆನೆಯಷ್ಟು ಬಲ, ಎಳ್ಳಷ್ಟೂ ಹಿಗ್ಗದು. ಮೀನಿನ ಜಗ್ಗುವಿಕೆಯನ್ನು ತಾಳಿಕೊಳ್ಳುವ ಕೆಲಸವೆಲ್ಲ ಈಗ ಕೋಲೊಂದರ ಪಾಲಿಗೆ ಬಂದಿದೆ. ರಾಟೆಯ ತಡೆಯನ್ನು ದಾರದ ಬಲದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬಿಗಿಯಬಾರದು. ಗಾಳದ ಹತ್ತಿರದ ಒಂದು ಮೊಳ ಮಾತ್ರ ದಪ್ಪ ನೈಲಾನು ಇರಲಿ, ಸಾವಿರ ಹಲ್ಲು ಉಜ್ಜಿದರೂ ತಡೆಯುವಂಥದು. ಆದರೆ ಗಾಳವನ್ನು ಕಟ್ಟುವ ಗಂಟು ಉಳಿದೆಲ್ಲಕ್ಕಿಂತ ದುರ್ಬಲವಾಗಿರಲಿ. ಕಡಿದರೆ ಅಲ್ಲಿಯೇ ಕಡಿಯಬೇಕು. ಐವತ್ತು ಗಜ ದಾರವನ್ನು ಬಾಯಿಂದ ಎಳೆದುಕೊಂಡು ಹೋದ ಮೀನು ಯಾವುದಾದರೊಂದು ಬೇರಿಗೆ ಸುತ್ತಿಕೊಂಡು ಸಾಯುತ್ತದೆ. ಉಂಗುರಗಳನ್ನು ನೋಡಲು ಒಂದು ಚೂರು ಹತ್ತಿ ಸಾಕು. ಒಂದೊಂದರೊಳಗೂ ಹಾಯಿಸಿ ಎಳೆಯಿರಿ. ಎಳೆ ಸಿಕ್ಕಿಕೊಂಡಲ್ಲಿ ಬಿರುಕಿದೆಯೆಂದು ತಿಳಿಯಿರಿ. ಸಿಂಬೆಯಂತೆ ಒಳಕ್ಕೆ ಬಾಗಿದ ಮೊನೆಯ ಗಾಳವನ್ನು ಕೊಳ್ಳಿರಿ. ಅದು ಗಂಟಲಿಗೆ ಇಳಿಯದೆ ಬಾಯಿಯ ಮೂಲೆಯಲ್ಲಿ ನಾಟುತ್ತದೆ. ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿಬಿಡಿ.

ಇಷ್ಟೆಲ್ಲವನ್ನೂ ಪುಸ್ತಕದಿಂದ ಕಲಿಯಬಹುದು. ಆದರೆ ಇದರ ಸಾರವನ್ನು ನನಗೆ ಒಂದು ವಾಕ್ಯದಲ್ಲಿ ಹೇಳಿಕೊಟ್ಟವನು ಮಾಂಜ್ರಾ ದಡದ ಮೀನುಗಾರ ಮುದುಕ. ಅವನಿಗೆ ಕೋಲೇ ಇಲ್ಲ. ಸಂಜೆ ದಾರ ಇಳಿಬಿಟ್ಟು ಕೊನೆಯನ್ನು ದಡದ ಗಿಡಕ್ಕೆ ಕಟ್ಟಿ ಮನೆಗೆ ಹೋಗುತ್ತಾನೆ, ಬೆಳಗಾಗುವ ಮುನ್ನ ಬರುತ್ತಾನೆ. ಗಟ್ಟಿಯಾದ ಗೂಟಕ್ಕೆ ಏಕೆ ಕಟ್ಟುವುದಿಲ್ಲವೆಂದು ಕೇಳಿದೆ. "ಕಂಬಕ್ಕ ಕಟ್ಟಬ್ಯಾಡ್ರಿ, ಹಸಿ ಟೊಂಗಿಗಿ ಕಟ್ರಿ" ಎಂದ. ಕಂಬ ಮೀನಿನೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ದಾರ ಕಡಿಯುತ್ತದೆ ಇಲ್ಲವೆ ತುಟಿ ಹರಿಯುತ್ತದೆ. ಹಸಿಯ ಟೊಂಗೆ ಎಳೆದಷ್ಟು ಹೋಗಿ, ಬಿಟ್ಟಷ್ಟು ಹಿಂದಕ್ಕೆ ಬರುತ್ತದೆ. ಎಲ್ಲಿಯೂ ಸಡಿಲ ಬಿಡುವುದಿಲ್ಲ. ಒಳ್ಳೆಯ ಕೋಲೆಂದರೆ ಕೈಯಲ್ಲಿ ಹಿಡಿಯಬಹುದಾದ ಒಂದು ಹಸಿಯ ಟೊಂಗೆ. ನಮ್ಮ ಒಣ ಕಾಡುಗಳ ಗಟ್ಟಿ ಬಿದಿರು, ಒಳಗೆ ಟೊಳ್ಳು ಇಲ್ಲವೆನ್ನುವಷ್ಟು ಕಡಿಮೆಯಿರುವಂಥದು, ಇಂದಿಗೂ ಈ ಕೆಲಸವನ್ನು ಮಾಡಬಲ್ಲದು. ರಾಟೆಯೊಂದನ್ನು ಕಟ್ಟಲು ತಿಳಿದರೆ ಬಡವನಿಗೂ ಕೋಲು ಸಿದ್ಧ.

ಇಲ್ಲಿಯೇ ಕೆಲವರು ತಪ್ಪು ತಿಳಿಯುತ್ತಾರೆ. ಬಾಗುವುದೇ ಗುಣವಾದರೆ ತೆಳ್ಳನೆಯ ಕೋಲೇ ಒಳ್ಳೆಯದಲ್ಲವೆ, ದೊಡ್ಡ ಮೀನನ್ನು ಸಣ್ಣ ಕೋಲಿನಿಂದ ಹಿಡಿಯುವುದರಲ್ಲಿ ಶೌರ್ಯ ಹೆಚ್ಚಲ್ಲವೆ ಎನ್ನುತ್ತಾರೆ. ಪೇಟೆಯ ಗಾಳಗಾರರಲ್ಲಿ ಇದೊಂದು ಪ್ರತಿಷ್ಠೆಯ ಮಾತು. ಹತ್ತು ಕಿಲೋ ಮೀನನ್ನು ಗರಿಯಂಥ ಕೋಲಿನಲ್ಲಿ ಮುಕ್ಕಾಲು ಗಂಟೆ ಆಡಿಸಿದೆನೆಂದು ಹೇಳಿಕೊಂಡರೆ ಕೇಳುವವರು ತಲೆದೂಗುತ್ತಾರೆ. ಅದು ಸೋಮೇಶ್ವರನ ವಿನೋದ. ಮೀನಿನ ಪಾಲಿಗೆ ಆ ಮುಕ್ಕಾಲು ಗಂಟೆ ಏನೆಂದು ಯಾರೂ ಕೇಳುವುದಿಲ್ಲ. ಏಪ್ರಿಲ್ ತಿಂಗಳ ಮಡುವಿನ ಬಿಸಿನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಅಷ್ಟು ಹೊತ್ತು ದಣಿದ ಮೀನನ್ನು ಎಷ್ಟು ಪ್ರೀತಿಯಿಂದ ನೀರಿಗೆ ಬಿಟ್ಟರೂ, ಅದು ಕಣ್ಣಿಗೆ ಕಾಣುವಷ್ಟು ದೂರ ಈಜಿಹೋಗಿ ಕಾಣದಲ್ಲಿ ಸಾಯುವುದುಂಟು. ಬಲವಾದ ಕೋಲು ಐದಾರು ನಿಮಿಷಗಳಲ್ಲಿ ಅದನ್ನು ದಡಕ್ಕೆ ತರುತ್ತದೆ. ಕೈಯನ್ನು ಒದ್ದೆ ಮಾಡಿಕೊಂಡು, ಹುರುಪೆಯಿಲ್ಲದ ಆ ಮೈಯ ಲೋಳೆ ಒರಸಿಹೋಗದಂತೆ ನೀರಿನಲ್ಲಿಯೇ ಹೊಟ್ಟೆಗೆ ಆಸರೆ ಕೊಟ್ಟು, ಗಾಳ ಬಿಡಿಸಿ, ಕಿವಿರಿನಲ್ಲಿ ಬೆರಳು ತೂರಿಸದೆ ಬಿಟ್ಟರೆ, ಅದಕ್ಕೆ ಬದುಕುವ ಹಕ್ಕನ್ನು ಅರ್ಧವಾದರೂ ಹಿಂದಿರುಗಿಸಿದಂತೆ. ಆದ್ದರಿಂದ ಬಲವಾದ ಕೋಲು ದರ್ಪದ ಗುರುತಲ್ಲ; ಇರುವುದರಲ್ಲಿ ದಯೆಯುಳ್ಳದ್ದು ಅದೇ. ಕೋಲಿಗೂ ಒಂದು ಕಾಯಕವಿದ್ದರೆ, ಆಟವನ್ನು ಬೇಗ ಮುಗಿಸುವುದೇ ಆ ಕಾಯಕ.

ಇಷ್ಟು ಲೆಕ್ಕ ಏಕೆಂದರೆ, ಬಾಳೆಮೀನು ಈಗ ಲೆಕ್ಕಕ್ಕೆ ಸಿಗುವಷ್ಟೇ ಉಳಿದಿದೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ಅಪಾಯಕ್ಕೆ ಗುರಿಯಾದ ಜೀವಿಗಳ ಸಾಲನ್ನು ಸೇರಿದೆ. 2016ರ ಬರಗಾಲವನ್ನು ನಮ್ಮ ಕಡೆಯವರು ಮರೆತಿಲ್ಲ. ಮೇಲಿನ ಮಾಂಜ್ರಾ ಜಲಾಶಯ ಬತ್ತಿ, ಲಾತೂರಿನ ಜನಕ್ಕೆ ಕುಡಿಯುವ ನೀರು ಆ ಏಪ್ರಿಲಿನಲ್ಲಿ ಮಿರಜದಿಂದ ರೈಲಿನಲ್ಲಿ ಬಂತು. ಮನುಷ್ಯನಿಗೆ ರೈಲು ಬಂತು. ಮೀನಿಗೆ ಏನೂ ಬರಲಿಲ್ಲ. ಇಂಥ ವರ್ಷದಲ್ಲಿ ಹೊಳೆಯ ಸಂತತಿಯೆಲ್ಲ ಕೈಬೆರಳಲ್ಲಿ ಎಣಿಸುವಷ್ಟು ಮಡುಗಳಲ್ಲಿ ಸೇರಿಕೊಂಡಿರುತ್ತದೆ. ಒಂದು ಮಡುವಿನ ಒಂದು ದೊಡ್ಡ ಹೆಣ್ಣುಮೀನೆಂದರೆ ಮುಂದಿನ ಹತ್ತು ಹರದಾರಿ ಹೊಳೆಯ ಬೀಜ.

ಅದರ ಜೊತೆಗೆ ಹೊಸ ನೆಂಟನೊಬ್ಬ ಬಂದಿದ್ದಾನೆ. ಆಫ್ರಿಕದ ಮೀಸೆಮೀನು. ಕೇಂದ್ರ ಸರ್ಕಾರ 2000ದ ಹೊತ್ತಿಗೇ ಇದರ ಸಾಕಣೆಯನ್ನು ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಕಟ್ಟುನಿಟ್ಟಾಗಿ ಹೇಳಿತು. ಆದರೂ ಕಳ್ಳ ಕೊಳಗಳಿಂದ ತಪ್ಪಿಸಿಕೊಂಡು ದೇಶದ ಹಲವು ಹೊಳೆ ಕೆರೆಗಳನ್ನು ಸೇರಿ, ಸಿಕ್ಕಿದ್ದನ್ನೆಲ್ಲ ತಿಂದು ಬೆಳೆಯುತ್ತಿದೆ. ಗಾಳಗಾರನಿಗೆ ಇದರ ಗುರುತು ಗೊತ್ತಿರಬೇಕು. ನಾಲ್ಕು ಜೊತೆ ಮೀಸೆ, ಬೆನ್ನಿನುದ್ದಕ್ಕೂ ಈಜುರೆಕ್ಕೆ, ಹೆಲ್ಮೆಟ್ಟಿನಂಥ ಚಪ್ಪಟೆ ತಲೆ ಕಂಡರೆ ಅದು ಬಾಳೆಯಲ್ಲ, ಆಫ್ರಿಕದ್ದಿರಬಹುದು. ಆಫ್ರಿಕದ್ದೇ ಎಂದು ಖಚಿತವಾದರೆ ಅದನ್ನು ಮರಳಿ ನೀರಿಗೆ ಬಿಡುವುದು ದಯೆಯಲ್ಲ. ಎರಡು ಜೊತೆ ಮೀಸೆ, ಬೆನ್ನ ಮೇಲೆ ತುಂಡು ರೆಕ್ಕೆ ಇದ್ದರೆ ನಮ್ಮ ಬಾಳೆ, ಕೈಮುಗಿದು ಬಿಟ್ಟುಬಿಡಿ.

ಇನ್ನು ಕಾಲದ ವಿಚಾರ. ಬಾಳೆಮೀನು ಮೊಟ್ಟೆಯಿಡುವುದು ಮುಂಗಾರಿನಲ್ಲಿ. ಹೊಸ ನೀರು ಬಂದೊಡನೆ ಮಡುವನ್ನು ಬಿಟ್ಟು ದಡದ ತೆಳುನೀರಿಗೆ, ಮುಳುಗಿದ ಹುಲ್ಲಿನ ನಡುವೆ ಬರುತ್ತದೆ. ವರ್ಷವೆಲ್ಲ ಕಾಣದಿದ್ದ ದೊಡ್ಡ ಮೀನು ಆ ನಾಲ್ಕು ವಾರ ಮೊಳಕಾಲು ನೀರಿನಲ್ಲಿ ಬೆನ್ನು ತೋರಿಸುತ್ತದೆ. ಕೆಳಗಿನ ತೆಲಂಗಾಣ ಸೀಮೆಯಲ್ಲಿ ಮೃಗಶಿರಾ ಕಾರ್ತೆಯಂದು ಮೀನು ತಿನ್ನಲೇಬೇಕೆಂಬ ರೂಢಿ ಬೇರೆ. ಗಾಳಗಾರನಿಗೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ; ಮೀನಿಗೆ ಇದಕ್ಕಿಂತ ಕೆಟ್ಟದಿಲ್ಲ. ನಮ್ಮ ರಾಜ್ಯದಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಕಾಯಿದೆ ಇದೆ, ಪರವಾನಗಿಯ ಕ್ರಮವಿದೆ; ಅದನ್ನು ಪಾಲಿಸಬೇಕಾದ್ದೇ. ಆದರೆ ಕತ್ತಲಲ್ಲಿ ಹೊಳೆಯ ದಡದಲ್ಲಿ ಕೂತವನಿಗೆ ಕಾಯಿದೆಗಿಂತ ಹತ್ತಿರವಿರುವುದು ಅವನ ಕೋಲು.

ಆದ್ದರಿಂದ ಕೋಲು ಕೊಳ್ಳುವ ಮಿತ್ರರಿಗೆ ನಾನು ಹೇಳುವ ಲಕ್ಷಣಗಳ ಕೊನೆಯಲ್ಲಿ ಇನ್ನೊಂದನ್ನು ಸೇರಿಸುತ್ತೇನೆ. ಎಂಟೂವರೆ ಅಡಿ ಉದ್ದ, ನಾಲ್ಕು ಪೌಂಡಿನ ಬಲ, ಗಾಜು ಬೆರೆತ ಮೈ, ಬಿರುಕಿಲ್ಲದ ಉಂಗುರ, ಇವೆಲ್ಲ ಸರಿ. ಜೊತೆಗೆ ಅದು ಎರಡು ತುಂಡಾಗಿ ಬಿಚ್ಚಿಕೊಳ್ಳುವಂಥದಾಗಿರಲಿ, ಒಂದು ಬಟ್ಟೆಯ ಚೀಲವೂ ಇರಲಿ. ಮಿರಗದ ಮೊದಲ ಮಳೆ ಬಿದ್ದು ಹೊಳೆಗೆ ಕೆಂಪು ನೀರು ಬಂದಿತೆಂದು ಸುದ್ದಿ ತಲುಪಿದ ದಿನ ಉಂಗುರಗಳನ್ನು ಒರಸಿ, ರಾಟೆಯ ತಡೆಯನ್ನು ಸಡಿಲಿಸಿ, ಚೀಲಕ್ಕೆ ಹಾಕಿ ಅಟ್ಟದ ಮೇಲಿಡುವುದಕ್ಕೆ ಅನುಕೂಲ. ನೆರೆಮನೆಯವರು ನಗುತ್ತಾರೆ, ಮೀನು ಬರುವ ಹೊತ್ತಿಗೆ ಸಾಹೇಬರು ಕೋಲು ಮುಚ್ಚಿಟ್ಟರೆಂದು ಊರಲ್ಲಿ ಹೇಳುತ್ತಾರೆ. ಹೇಳಲಿ. ಮಳೆಗಾಲ ಮುಗಿದು, ಹಿಂಗಾರಿನ ಜೋಳ ಮೊಳಕಾಲೆತ್ತರ ಬಂದು, ಹೊಳೆ ತಿಳಿಯಾಗುವ ತನಕ ಹೇಳಿಕೊಳ್ಳಲಿ. ಅಲ್ಲಿಯವರೆಗೆ ಮಡುವಿನ ಕೀಲಿಕೈ ಹೆಣ್ಣುಮೀನಿನ ಹತ್ತಿರ ಇರುವುದೇ ನ್ಯಾಯ.